ಹಗಲಿನ ರಗಡಾ, ರಾತ್ರಿಯ ರಗಡಾ: ಕೆಡೆಟ್ ಶಿಬಿರಗಳಲ್ಲಿ ಶಿಕ್ಷಿಸುವ ಅಧಿಕಾರ ಯಾರದು?

ನ್ಯಾಷನಲ್ ಕೆಡೆಟ್ ಕೋರ್, ಅಂದರೆ ಎನ್‌ಸಿಸಿ ಸೇರಿದ ಮಕ್ಕಳು ಮೊದಲ ತಿಂಗಳಲ್ಲೇ ಕಲಿತುಬಿಡುವ ಪದಗಳಲ್ಲಿ ‘ರಗಡಾ’ ಎಂಬುದೂ ಒಂದು. ‘ಸಾವಧಾನ್’, ‘ವಿಶ್ರಾಮ್’, ‘ತೇಜ್ ಚಲ್’ಗಳ ಹಾಗೆ ಇದೂ ಹಿಂದಿಯಿಂದ, ಸೈನಿಕರ ಬಾಯಿಂದ ಬಂದದ್ದು, ಆದರೆ ಆ ಮೂರನ್ನು ಮೈದಾನದಲ್ಲಿ ಪಾಠ ಮಾಡಿ ಕಲಿಸುತ್ತಾರೆ, ಇದನ್ನು ಯಾರೂ ಕಲಿಸುವುದಿಲ್ಲ. ಸಾಲಿನಲ್ಲಿ ಅಲುಗಾಡಿದವನನ್ನು, ಬೂಟಿಗೆ ಪಾಲಿಶ್ ಹಾಕದೆ ಬಂದವಳನ್ನು, ಸಾಲುಗೂಡುವ ಫಾಲ್ ಇನ್‌ಗೆ ಎರಡು ನಿಮಿಷ ತಡವಾದವರನ್ನು ಮೈದಾನದ ಸುತ್ತ ಓಡಿಸುವುದು, ಬಸ್ಕಿ ಹೊಡೆಸುವುದು, ಕಪ್ಪೆಯಂತೆ ಕುಪ್ಪಳಿಸುವಂತೆ ಮಾಡುವುದು, ಮೊಣಕೈಯೂರಿ ತೆವಳಿಸುವುದು ಎಲ್ಲವೂ ರಗಡಾದೊಳಗೆ ಸೇರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಮಲಯಾಳ ಮಾಧ್ಯಮದ ಮಕ್ಕಳೂ ಒಂದೇ ಅರ್ಥದಲ್ಲಿ ಬಳಸುವ ಪದ ಇದು. ತೊಂದರೆ ಇರುವುದೂ ಅಲ್ಲೇ. ಬೆಳಗ್ಗೆ ಸೇನೆಯಿಂದ ಬಂದ ತರಬೇತುದಾರರು ಎಲ್ಲರೆದುರು ಓಡಿಸುವ ಎರಡು ಸುತ್ತಿಗೂ, ರಾತ್ರಿ ದೀಪ ಆರಿದ ಮೇಲೆ ಒಂದು ವರ್ಷ ಹಿರಿಯ ಹುಡುಗ ಕಟ್ಟಡದ ಹಿಂಬದಿಯಲ್ಲಿ ಕೊಡುವ ಹಿಂಸೆಗೂ ಮಕ್ಕಳಲ್ಲಿ ಇರುವುದು ಒಂದೇ ಹೆಸರು.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಹುಡುಗನೊಬ್ಬ ಹತ್ತು ದಿನಗಳ ಶಿಬಿರ ಮುಗಿಸಿ ಬಂದ ಸಂಜೆ ನಾನು ಅವರ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಅವನ ಎರಡೂ ಮೊಣಕೈಗಳ ಚರ್ಮ ಕಿತ್ತುಹೋಗಿ, ಗಾಯದೊಳಗೆ ಮುರಕಲ್ಲಿನ ಕೆಂಪು ಹುಡಿ ಕಚ್ಚಿಕೊಂಡಿತ್ತು. ತಾಯಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒತ್ತಿ ತೆಗೆಯುತ್ತ ಏನಾಯಿತೆಂದು ಕೇಳಿದರು. “ಎಂತ ಇಲ್ಲಮ್ಮ, ರಗಡಾ ಇತ್ತು” ಎಂದ. ತಂದೆ ತಮ್ಮ ಎಳೆಯ ಪ್ರಾಯದಲ್ಲಿ ಸೇನಾ ಭರ್ತಿಗೆ ಹೋಗಿ, ಎದೆಯಳತೆ ಸಾಲದೆ ಹಿಂದಿರುಗಿದವರು. ಅವರು ಮಗನ ಬೆನ್ನು ತಟ್ಟಿದರು. ಹುಡುಗ ಮೆಲ್ಲಮೆಲ್ಲನೆ ಪರೇಡಿಗೆ ಹೋಗುವುದನ್ನು ಬಿಟ್ಟ. ಐದಾರು ತಿಂಗಳ ಬಳಿಕ, ಯಾವುದೋ ಬೇರೆ ಮಾತಿನ ನಡುವೆ, ನಡೆದದ್ದನ್ನು ಹೇಳಿದ. ಸ್ನಾನಕ್ಕೆ ಬಕೆಟಿನಲ್ಲಿ ನೀರು ತಂದಿಡಲಿಲ್ಲವೆಂದು ನಾಲ್ಕನೆಯ ರಾತ್ರಿ ಇಬ್ಬರು ಹಿರಿಯರು ಅವನನ್ನೂ ಇನ್ನಿಬ್ಬರನ್ನೂ ಎಬ್ಬಿಸಿ ಹೊರಗೆ ಕರೆದೊಯ್ದು, ಮುರಕಲ್ಲಿನ ನೆಲದ ಮೇಲೆ ಮೊಣಕೈಯೂರಿ ಮೈ ಎತ್ತಿ ಹಿಡಿಯುವಂತೆ ಮಾಡಿ, ಮೊದಲು ಕುಸಿದವನ ಬೆನ್ನ ಮೇಲೆ ಬೂಟು ಇಟ್ಟಿದ್ದರು. ತಾಯಿ ಕೇಳಿದ ದಿನ ಅವನು ಸುಳ್ಳು ಹೇಳಿರಲಿಲ್ಲ. ಆ ಸಂಗತಿಗೆ ಅವನಲ್ಲಿ ಬೇರೆ ಪದವೇ ಇರಲಿಲ್ಲ.

ಕೆಡೆಟ್ ತರಬೇತಿಯಲ್ಲಿ ನಡೆಯುವ ದೌರ್ಜನ್ಯದ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ‘ತರಬೇತಿ ಎಷ್ಟು ಕಠಿಣವಾಗಿರಬೇಕು’ ಎಂಬ ಪ್ರಶ್ನೆಗೆ ಹೋಗಿ ನಿಲ್ಲುತ್ತದೆ. ಒಬ್ಬರು ಮಕ್ಕಳು ಗಟ್ಟಿಯಾಗಬೇಡವೇ ಎನ್ನುತ್ತಾರೆ, ಇನ್ನೊಬ್ಬರು ಇದೆಲ್ಲ ಯಾಕೆ ಬೇಕು ಎನ್ನುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಪ್ರಶ್ನೆ ಕಠಿಣತೆಯದ್ದಲ್ಲ. ಹದಿನಾರು ವರ್ಷದವನ ಕೈಗೆ ಹದಿನಾಲ್ಕು ವರ್ಷದವನನ್ನು ಶಿಕ್ಷಿಸುವ ಅಧಿಕಾರವನ್ನು, ಹಿರಿಯರಾರೂ ನೋಡದ ಹೊತ್ತಿನಲ್ಲಿ, ಯಾರು ಮತ್ತು ಯಾಕೆ ಕೊಟ್ಟರು ಎಂಬುದೇ ಮೊದಲ ಪ್ರಶ್ನೆ. ಆ ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೆ, ಮತ್ತು ಮಗುವಿಗೆ ಅದರದೇ ಭಾಷೆಯಲ್ಲಿ ದೂರು ಹೇಳುವ ಬಾಗಿಲೊಂದು ಶಿಬಿರದ ಶ್ರೇಣಿಯಿಂದ ಹೊರಗೆ ತೆರೆಯುವವರೆಗೆ, ಉಳಿದ ಎಚ್ಚರಿಕೆಯ ಫಲಕಗಳೆಲ್ಲ ಗೋಡೆಯ ಅಲಂಕಾರವಾಗಿಯೇ ಇರುತ್ತವೆ.

ನ್ಯಾಷನಲ್ ಕೆಡೆಟ್ ಕೋರ್ 1948ರ ಕಾಯ್ದೆಯ ಮೂಲಕ, ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನ ಮೇಲೆ ಹುಟ್ಟಿದ ಸಂಸ್ಥೆ. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಅದನ್ನು ಕಡ್ಡಾಯ ಮಾಡಿ, 1968ರಲ್ಲಿ ಮತ್ತೆ ಐಚ್ಛಿಕ ಮಾಡಲಾಯಿತು. ಇದನ್ನು ನಡೆಸುವ ಹೊಣೆ ಇಬ್ಬರಲ್ಲಿ ಹಂಚಿಹೋಗಿದೆ. ತರಬೇತುದಾರರಾದ ಪಿಐ ಸ್ಟಾಫ್ ಸೇನೆಯಿಂದ ಬರುತ್ತಾರೆ. ಎಎನ್‌ಒ ಎಂದು ಕರೆಯಲಾಗುವ ಸಹಾಯಕ ಅಧಿಕಾರಿ ಆಯಾ ಶಾಲೆ-ಕಾಲೇಜಿನ ಅಧ್ಯಾಪಕರೇ ಆಗಿರುತ್ತಾರೆ. ಸೇನೆಯವರಿಗೆ ಕವಾಯತು ಗೊತ್ತು, ಮಕ್ಕಳ ಮನೆ ಗೊತ್ತಿಲ್ಲ. ಅಧ್ಯಾಪಕರಿಗೆ ಮಕ್ಕಳು ಗೊತ್ತು, ಆದರೆ ಶಿಬಿರದಲ್ಲಿ ಅವರಿಗೆ ಉತ್ತರಪತ್ರಿಕೆಯಿಂದ ಊಟದ ಲೆಕ್ಕದವರೆಗೆ ನೂರು ಕೆಲಸ. ಒಂದು ಶಾಲೆಯ ಟ್ರೂಪಿನಲ್ಲಿ 50ರಿಂದ 100 ಮಕ್ಕಳಿರುವಾಗ, ಅವರಿಗೆ ಒಬ್ಬರೇ ಎಎನ್‌ಒ ಇರುವಾಗ, ರಾತ್ರಿಯ ವಸತಿಯನ್ನು ನೋಡಿಕೊಳ್ಳುವವರು ಯಾರು? ಉತ್ತರ ಎಲ್ಲರಿಗೂ ಗೊತ್ತು: ಸಾರ್ಜೆಂಟ್, ಅಂಡರ್ ಆಫೀಸರ್ ಎಂಬ ಪಟ್ಟಿ ಧರಿಸಿದ ಹಿರಿಯ ಕೆಡೆಟ್‌ಗಳು. ನಾಯಕತ್ವ ಕಲಿಸುವುದಕ್ಕೆಂದು ಮಾಡಿದ ಏರ್ಪಾಡು ಇಲ್ಲಿ ದೊಡ್ಡವರ ಕೊರತೆಯನ್ನು ತುಂಬುವ ಏರ್ಪಾಡಾಗಿದೆ. 2024ರಲ್ಲಿ ರಕ್ಷಣಾ ಸಚಿವಾಲಯ ಇನ್ನೂ 3 ಲಕ್ಷ ಸ್ಥಾನಗಳನ್ನು ಸೇರಿಸಿ ಒಟ್ಟು ಸಂಖ್ಯೆಯನ್ನು 20 ಲಕ್ಷಕ್ಕೆ ಏರಿಸುವ ವಿಸ್ತರಣೆಗೆ ಒಪ್ಪಿಗೆ ನೀಡಿತು. ನಿವೃತ್ತ ಸೈನಿಕರನ್ನು ತರಬೇತುದಾರರಾಗಿ ಬಳಸಿಕೊಳ್ಳುವ ಯೋಚನೆಯೂ ಅದರಲ್ಲಿದೆ. ಹೆಚ್ಚು ಮಕ್ಕಳಿಗೆ ಅವಕಾಶ ಸಿಗುವುದು ಸಂತೋಷದ ವಿಷಯವೇ; ಆದರೆ ಅವರ ಜೊತೆ ರಾತ್ರಿ ತಂಗುವ ವಯಸ್ಕರ ಸಂಖ್ಯೆ ಅದೇ ಪ್ರಮಾಣದಲ್ಲಿ ಏರದಿದ್ದರೆ ಆ ಖಾಲಿ ಜಾಗಕ್ಕೆ ಮತ್ತೆ ಹದಿನಾರರ ಹುಡುಗರೇ ಬರುತ್ತಾರೆ.

ಮಕ್ಕಳು ಸುಮ್ಮನಿರಲು ಇನ್ನೊಂದು ಕಾರಣವಿದೆ, ಅದು ಅಂಕ. ಕೇರಳದಲ್ಲಿ ಎನ್‌ಸಿಸಿ ಮತ್ತು ಸ್ಟೂಡೆಂಟ್ ಪೊಲೀಸ್ ಕೆಡೆಟ್ ಮಕ್ಕಳಿಗೆ ಗ್ರೇಸ್ ಮಾರ್ಕ್ ಇದೆ. ಪ್ಲಸ್ ವನ್ (ಹನ್ನೊಂದನೆಯ ತರಗತಿ) ಸೀಟಿಗೆ ಪೈಪೋಟಿ ಇರುವ ನಮ್ಮ ಜಿಲ್ಲೆಯಲ್ಲಿ ಅದು ಸಣ್ಣ ವಿಷಯವಲ್ಲ. ಎನ್‌ಸಿಸಿಯ ಅತಿ ಮೇಲಿನ ಹಂತದ ಸಿ ಸರ್ಟಿಫಿಕೇಟ್ ಇದ್ದವರು ಲಿಖಿತ ಪರೀಕ್ಷೆಯಿಲ್ಲದೆ ವಿಶೇಷ ಪ್ರವೇಶದ ಮೂಲಕ ಸೇನಾಧಿಕಾರಿಯ ಸಂದರ್ಶನಕ್ಕೆ ಹೋಗಬಹುದು. ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು ಪರೇಡಿನ ಹಾಜರಿ ಬೇಕು, ಶಿಬಿರ ಬೇಕು. ಹಾಜರಿ ಕರೆಯುವವನು ಹಲವೆಡೆ ಹಿರಿಯ ಕೆಡೆಟ್. ಗಣರಾಜ್ಯೋತ್ಸವದ ಶಿಬಿರಕ್ಕೆ ಹೆಸರು ಹೋಗಬೇಕಾದರೂ ಹಿರಿಯರ ಒಳ್ಳೆಯ ಮಾತು ನೆರವಾಗುತ್ತದೆ ಎಂದು ಮಕ್ಕಳು ನಂಬಿದ್ದಾರೆ. ಆ ನಂಬಿಕೆ ಸರಿಯಿರಲಿ ತಪ್ಪಿರಲಿ, ಬಾಯಿ ಕಟ್ಟಿಸಲು ಅದು ಸಾಕು.

2023ರ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರದ ಠಾಣೆಯ ಕಾಲೇಜೊಂದರ ದೃಶ್ಯ ದೇಶವೆಲ್ಲ ಹರಿದಾಡಿತು. ಸುರಿಯುವ ಮಳೆಯಲ್ಲಿ, ಕೆಸರು ನೀರಿನಲ್ಲಿ ಕೆಡೆಟ್‌ಗಳು ಕೈಯನ್ನು ಬೆನ್ನ ಹಿಂದಿಟ್ಟು ತಲೆಯನ್ನು ನೆಲಕ್ಕೂರಿ ಸಾಲಾಗಿ ನಿಂತಿದ್ದಾರೆ. ಒಬ್ಬನು ಅವರ ಹಿಂದೆ ನಡೆಯುತ್ತ ಕೋಲಿನಿಂದ ಬಾರಿಸುತ್ತಿದ್ದಾನೆ. ಹೊಡೆದವನು ತರಬೇತುದಾರನೂ ಅಲ್ಲ, ಅಧ್ಯಾಪಕನೂ ಅಲ್ಲ, ಹಿರಿಯ ವಿದ್ಯಾರ್ಥಿ. ಅಧ್ಯಾಪಕರಿಲ್ಲದ ಹೊತ್ತಿನಲ್ಲಿ ಇದು ನಡೆಯಿತೆಂದು ಕಾಲೇಜು ಹೇಳಿತು, ಕ್ರಮದ ಭರವಸೆ ಕೊಟ್ಟಿತು. ನನ್ನನ್ನು ಹೆಚ್ಚು ಕಾಡಿದ್ದು ಕೋಲಲ್ಲ, ಏಟು ಬಿದ್ದವರು ನೋವಿನಿಂದ ಹೊರಳಿದ ಮೇಲೆ ಮತ್ತೆ ಅದೇ ಭಂಗಿಗೆ ಮರಳಿದ ರೀತಿ. ಸಂಕೋಲೆಯಿಲ್ಲ, ಬಾಗಿಲಿಗೆ ಬೀಗವಿಲ್ಲ, ಎದ್ದು ನಡೆದುಬಿಡಬಹುದಾದ ತೆರೆದ ಜಾಗ. ಆದರೂ ಯಾರೂ ಏಳಲಿಲ್ಲ. ಇದು ತಾವು ಸೇರಿದ ಸಂಸ್ಥೆಯ ಭಾಗವೇ ಇರಬೇಕೆಂದು ಅವರು ಭಾವಿಸಿದ್ದರಿಂದಲ್ಲದೆ ಬೇರೆ ಕಾರಣದಿಂದ ಹಾಗಾಗುವುದು ಕಷ್ಟ.

ಹಾಗೆ ಭಾವಿಸಲು ಕಾರಣವಾದ ಮಾತು ನಮ್ಮೂರ ಜಗಲಿಗಳಲ್ಲೂ ಕೇಳುತ್ತದೆ: “ಮಿಲಿಟರಿ ಅಂದರೆ ಹಾಗೇ.” ಆದರೆ ಭಾರತೀಯ ಸೇನೆಯನ್ನು ಆಳುವ 1950ರ ಸೇನಾ ಕಾಯ್ದೆಯ 47ನೆಯ ಸೆಕ್ಷನ್, ತನ್ನ ಕೆಳಗಿನವನ ಮೇಲೆ ಕೈ ಮಾಡುವ ಅಥವಾ ಬೇರೆ ರೀತಿಯಲ್ಲಿ ಅವನನ್ನು ಹಿಂಸಿಸುವ ಅಧಿಕಾರಿಗೂ ಹವಾಲ್ದಾರನಿಗೂ ಕೋರ್ಟ್ ಮಾರ್ಷಲ್‌ನಲ್ಲಿ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆಂದು ಹೇಳುತ್ತದೆ. ಬಂದೂಕು ಹಿಡಿದು ಗಡಿಯಲ್ಲಿ ನಿಲ್ಲುವ ವಯಸ್ಕ ಸೈನಿಕನ ಮೇಲೆ ಮಾಡಬಾರದ್ದನ್ನು ಒಂಬತ್ತನೆಯ ತರಗತಿಯ ಮಗುವಿನ ಮೇಲೆ ‘ಸೇನೆಯ ಕ್ರಮ’ ಎಂದು ಮಾಡುವುದು ಸೇನೆಗೇ ಮಾಡುವ ಅಪಚಾರ.

ಸೇನಾ ಶಾಲೆಗಳ ಇತಿಹಾಸವೂ ಇದನ್ನೇ ತೋರಿಸುತ್ತದೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಹಿರಿಯರ ಹಿಂಸೆಗೊಳಗಾಗಿ ಅಲ್ಲಿಂದ ಹೊರಬಂದಿದ್ದ ಆಸ್ಕರ್ ಬೂಜ್ ಎಂಬ ಯುವಕ 1900ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಅಮೆರಿಕದ ಸಂಸತ್ತು ತನಿಖೆ ನಡೆಸಿತು. ಸಾಕ್ಷಿ ಹೇಳಲು ಬಂದವರಲ್ಲಿ ಡಗ್ಲಸ್ ಮ್ಯಾಕ್‌ಆರ್ಥರ್ ಎಂಬ ಕೆಡೆಟ್ ಕೂಡ ಇದ್ದರು. 1899ರಲ್ಲಿ ಸೇರಿದ ಹೊಸತರಲ್ಲಿ ಹಿರಿಯರು ಹೊಡೆಸಿದ ಬಸ್ಕಿಗಳಿಂದ ಅವರು ಮೈ ಸೆಟೆದು ಬಿದ್ದಿದ್ದರು. ಅದೇ ಮ್ಯಾಕ್‌ಆರ್ಥರ್, ಮೊದಲ ಮಹಾಯುದ್ಧದ ಕಂದಕಗಳನ್ನು ಕಂಡು ಬಂದ ಮೇಲೆ, 1919ರಲ್ಲಿ ಆ ಅಕಾಡೆಮಿಯ ಮುಖ್ಯಸ್ಥರಾದಾಗ ಹೊಸಬರ ಬೇಸಿಗೆ ತರಬೇತಿಯನ್ನು ಹಿರಿಯ ವಿದ್ಯಾರ್ಥಿಗಳ ಕೈಯಿಂದ ತೆಗೆದು ಸೇನಾಧಿಕಾರಿಗಳ ಕೈಗೆ ಕೊಟ್ಟರು. ಉಪದೇಶ ಮಾಡುತ್ತ ಕೂರದೆ ಅಧಿಕಾರದ ಜಾಗವನ್ನೇ ಬದಲಿಸಿದರು. ಅವರ ನಂತರ ಬಂದವರು ಆ ಬದಲಾವಣೆಗಳಲ್ಲಿ ಹಲವನ್ನು ಹಿಂದಕ್ಕೆ ಪಡೆದರೆಂಬುದೂ ನಿಜ. ವ್ಯಕ್ತಿಯ ಮನಸ್ಸಿನಿಂದ ಬಂದ ಸುಧಾರಣೆ ನಿಯಮವಾಗಿ ಗಟ್ಟಿಗೊಳ್ಳದಿದ್ದರೆ ಆ ವ್ಯಕ್ತಿಯ ವರ್ಗಾವಣೆಯೊಂದಿಗೇ ಹೊರಟುಹೋಗುತ್ತದೆ. ಇದು ನಮ್ಮ ಬೆಟಾಲಿಯನ್‌ಗಳಿಗೂ ಶಾಲೆಗಳಿಗೂ ಅಷ್ಟೇ ಅನ್ವಯಿಸುವ ಮಾತು.

ಹಿಂಸೆ ಅನುಭವಿಸಿದವರೇ ಮುಂದೆ ಅದನ್ನು ಸಮರ್ಥಿಸುವುದು ಹೇಗೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯ ವಿವರಣೆಯೊಂದಿದೆ. 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಸಂಶೋಧಕರು 63 ಮಂದಿ ಕಾಲೇಜು ವಿದ್ಯಾರ್ಥಿನಿಯರನ್ನು ಮೂರು ಗುಂಪು ಮಾಡಿ, ಒಂದು ಚರ್ಚಾಕೂಟಕ್ಕೆ ಸೇರುವ ಮೊದಲು ಒಂದು ಗುಂಪಿಗೆ ತೀವ್ರ ಮುಜುಗರದ ಪರೀಕ್ಷೆಯನ್ನು, ಇನ್ನೊಂದಕ್ಕೆ ಸೌಮ್ಯವಾದದ್ದನ್ನು ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಬಳಿಕ ಎಲ್ಲರಿಗೂ ಕೇಳಿಸಿದ್ದು ಬೇಕೆಂದೇ ನೀರಸವಾಗಿಸಿದ ಒಂದೇ ಚರ್ಚೆ. ಹೆಚ್ಚು ಮುಜುಗರಪಟ್ಟವರೇ ಅದನ್ನು ಹೆಚ್ಚು ಚೆನ್ನಾಗಿದೆ ಎಂದರು. ಇಷ್ಟು ಕಷ್ಟಪಟ್ಟು ಸೇರಿದ್ದು ಬೆಲೆಯುಳ್ಳದ್ದೇ ಆಗಿರಬೇಕೆಂದು ಮನಸ್ಸು ತನಗೆ ತಾನೇ ಹೇಳಿಕೊಳ್ಳುತ್ತದೆ. ಅದನ್ನು ಹಿಡಿದು, ರಗಡಾದಿಂದ ಒಗ್ಗಟ್ಟು ಬೆಳೆಯುತ್ತದೆ ಎನ್ನುವವರಿದ್ದಾರೆ. ಬೆಳೆಯುವುದು ಯಾವುದೆಂದು ಗಮನಿಸಬೇಕು: ಆ ವಿದ್ಯಾರ್ಥಿನಿಯರ ಮೆಚ್ಚುಗೆ ಏರಿತು, ಚರ್ಚೆ ಮಾತ್ರ ಅಷ್ಟೇ ನೀರಸವಾಗಿ ಉಳಿಯಿತು. ರಾತ್ರಿ ಒದೆ ತಿಂದ ಹುಡುಗನಿಗೆ ನಕ್ಷೆ ಓದುವುದೋ ಪ್ರಥಮ ಚಿಕಿತ್ಸೆಯೋ ಒಂದಿಷ್ಟೂ ಹೆಚ್ಚು ಬರುವುದಿಲ್ಲ. ಬರುವುದು ಮುಂದಿನ ವರ್ಷ ಹೊಸಬನಿಗೆ ಅದನ್ನೇ ಕೊಡುವ ಹಕ್ಕು ತನಗಿದೆ ಎಂಬ ಭಾವನೆ. ಸಾಲ ತೀರಿಸುವ ಹಾಗೆ ಅದು ಒಂದು ತಂಡದಿಂದ ಇನ್ನೊಂದಕ್ಕೆ ಸಾಗುತ್ತದೆ, ಆದರೆ ಸಾಲ ಪಡೆದವನಿಂದಲ್ಲ, ಏನೂ ಪಡೆಯದವನಿಂದ ಅದನ್ನು ವಸೂಲು ಮಾಡಲಾಗುತ್ತದೆ.

ದೇಹದ ಮಟ್ಟಿಗೂ ಒಂದು ಮಾತು ಹೇಳಬೇಕು, ಯಾಕೆಂದರೆ ‘ಬಸ್ಕಿಯಿಂದ ಯಾರಿಗೇನಾಗುತ್ತದೆ’ ಎನ್ನುವವರು ವೈದ್ಯರನ್ನು ಕೇಳಿರುವುದಿಲ್ಲ. ರೂಢಿಯಿಲ್ಲದ ದೇಹವನ್ನು ಬಿಡುವಿಲ್ಲದೆ ನೂರಾರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯುಗಳೇ ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. ರ‍್ಯಾಬ್ಡೊಮಯೊಲಿಸಿಸ್ ಎಂಬ ಈ ಸ್ಥಿತಿಯಲ್ಲಿ ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗುತ್ತದೆ. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯ ತೇವದಿಂದ ಬೆವರು ಆರುವುದೇ ಇಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಹಾಗಾಗಿ ಉಷ್ಣಾಘಾತದ ಅಪಾಯ ಥರ್ಮಾಮೀಟರಿನ ಅಂಕಿ ತೋರಿಸುವುದಕ್ಕಿಂತ ಹೆಚ್ಚು. ಅನುಭವಿ ತರಬೇತುದಾರರಿಗೆ ಇದು ಗೊತ್ತು. ಅವರು ನೆರಳಿಗೆ ಕರೆಯುತ್ತಾರೆ, ನೀರು ಕುಡಿಸುತ್ತಾರೆ, ಮುಖ ನೋಡಿ ನಿಲ್ಲಿಸುತ್ತಾರೆ. ಹದಿನಾರರ ಸಾರ್ಜೆಂಟನಿಗೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾರೂ ಕಲಿಸಿಲ್ಲ. ಹಗಲಿನ ರಗಡಾಕ್ಕೂ ರಾತ್ರಿಯ ರಗಡಾಕ್ಕೂ ಇರುವ ಅಂತರ ಇಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಕಾನೂನು ಇಲ್ಲವೆಂದಲ್ಲ. ಕೇರಳದಲ್ಲಿ 1998ರಿಂದಲೇ ರ‍್ಯಾಗಿಂಗ್ ನಿಷೇಧ ಕಾಯ್ದೆ ಇದೆ. ದೇಶದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳು ಬರುವುದಕ್ಕಿಂತ 11 ವರ್ಷ ಮೊದಲು. ಅದು ರ‍್ಯಾಗಿಂಗನ್ನು ಶಿಕ್ಷಣ ಸಂಸ್ಥೆಯ ಒಳಗೂ ಹೊರಗೂ ನಿಷೇಧಿಸುತ್ತದೆ. ‘ಹೊರಗೂ’ ಎಂಬ ಪದ ನಮಗೆ ಮುಖ್ಯ, ಯಾಕೆಂದರೆ ಶಿಬಿರ ನಡೆಯುವುದು ಬೇರೆ ಊರಿನ ಬೇರೆ ಶಾಲೆಯ ಕಟ್ಟಡದಲ್ಲಿ. ವ್ಯಾಖ್ಯಾನದಲ್ಲಿ ನೋವುಂಟುಮಾಡುವುದಷ್ಟೇ ಅಲ್ಲ, ವಿದ್ಯಾರ್ಥಿಯು ಸಾಮಾನ್ಯವಾಗಿ ತನ್ನ ಇಚ್ಛೆಯಿಂದ ಮಾಡದ ಕೆಲಸವನ್ನು ಮಾಡಲು ಹೇಳುವುದೂ ಸೇರಿದೆ. ಹಿರಿಯನ ಬಟ್ಟೆ ಒಗೆಯುವುದು, ಬಕೆಟಿಗೆ ನೀರು ತುಂಬಿಡುವುದು ಈ ಮಾತಿನೊಳಗೆ ಸಲೀಸಾಗಿ ಬರುತ್ತವೆ. ಶಿಕ್ಷೆ 2 ವರ್ಷಗಳವರೆಗಿನ ಸೆರೆವಾಸ ಮತ್ತು 10,000 ರೂಪಾಯಿವರೆಗಿನ ದಂಡ. ದೂರು ಬಂದ 7 ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಿಸಬೇಕು, ಮೇಲ್ನೋಟಕ್ಕೆ ನಿಜವೆನಿಸಿದರೆ ಆ ವಿದ್ಯಾರ್ಥಿಯನ್ನು ಅಮಾನತು ಮಾಡಿ ದೂರನ್ನು ಪೊಲೀಸರಿಗೆ ಕಳುಹಿಸಬೇಕು. ಹಾಗೆ ಮಾಡದ ಮುಖ್ಯಸ್ಥರನ್ನು ಕೃತ್ಯಕ್ಕೆ ಕುಮ್ಮಕ್ಕು ಕೊಟ್ಟವರೆಂದೇ ಕಾಯ್ದೆ ಪರಿಗಣಿಸುತ್ತದೆ.

ಇಷ್ಟು ಗಟ್ಟಿಯಾದ ಕಾಯ್ದೆ ಇದ್ದೂ 2024ರ ಫೆಬ್ರವರಿಯಲ್ಲಿ ವಯನಾಡಿನ ಪೂಕೋಡಿನ ಪಶುವೈದ್ಯ ಕಾಲೇಜಿನಲ್ಲಿ ಒಂದು ಜೀವ ಹೋಯಿತು, ಮರುವರ್ಷದ ಫೆಬ್ರವರಿಯಲ್ಲಿ ಕೋಟ್ಟಯಂನ ನರ್ಸಿಂಗ್ ವಿದ್ಯಾರ್ಥಿನಿಲಯದ ಕ್ರೌರ್ಯ ಬಯಲಾಯಿತು. 2025ರ ಮಾರ್ಚಿನಲ್ಲಿ ಕೇರಳ ಹೈಕೋರ್ಟು ಕಾಯ್ದೆಗೆ ಅಗತ್ಯವಾದ ನಿಯಮಗಳನ್ನು ರೂಪಿಸಲು ಕಾರ್ಯತಂಡ ರಚಿಸುವಂತೆ ಹೇಳಬೇಕಾಯಿತು. ಆ ಎರಡೂ ಕಡೆ ಹಾಸ್ಟೆಲಿನ ಕೋಣೆಗಳು ಇದ್ದವು, ಒಳಗೆ ಏನು ನಡೆಯುತ್ತಿದೆಯೆಂದು ನೋಡುವ ದೊಡ್ಡವರು ಇರಲಿಲ್ಲ. ಅವು ಕೆಡೆಟ್ ಶಿಬಿರಗಳಲ್ಲ, ಆದರೆ ರಚನೆ ಒಂದೇ.

ಶಿಬಿರದಲ್ಲಿ ಕಾನೂನು ಇನ್ನೂ ಒಂದು ಕಡೆ ಎಡವುತ್ತದೆ. ಹೊಡೆದವನು ಒಂದು ಶಾಲೆಯವನು, ಹೊಡೆಸಿಕೊಂಡವನು ಇನ್ನೊಂದು ಶಾಲೆಯವನು, ಕಟ್ಟಡ ಮೂರನೆಯದರದು, ಶಿಬಿರದ ಅಧಿಪತಿ ಸೇನಾಧಿಕಾರಿ. ‘ಸಂಸ್ಥೆಯ ಮುಖ್ಯಸ್ಥರು’ ಎಂದರೆ ಇವರಲ್ಲಿ ಯಾರು? ದೂರನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹೋಗಲು ಇಷ್ಟು ಸಾಕು. ಮಕ್ಕಳು 18ರೊಳಗಿನವರಾದಾಗ 2015ರ ಬಾಲನ್ಯಾಯ ಕಾಯ್ದೆಯ 75ನೆಯ ಸೆಕ್ಷನ್, ತಮ್ಮ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಹಿಂಸೆ ನಡೆಯಲು ಬಿಟ್ಟವರನ್ನೂ ಹೊಣೆಯಾಗಿಸುತ್ತದೆ. ಲೈಂಗಿಕ ಸ್ವರೂಪದ ಯಾವುದೇ ಕೃತ್ಯವಾದರೆ ಮಕ್ಕಳನ್ನು ಅದರಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ತಿಳಿದವರೆಲ್ಲ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೂ ಶಿಕ್ಷೆಯಿದೆ. ಈ ಎರಡನೆಯ ಬಗೆಯ ಅಪರಾಧವನ್ನು ನಮ್ಮಂಥದೇ ಗಡಿ ಜಿಲ್ಲೆಯಾದ, ಕನ್ನಡ ಮಾತಾಡುವವರೂ ಇರುವ ಕೃಷ್ಣಗಿರಿಯಲ್ಲಿ 2024ರ ಆಗಸ್ಟಿನಲ್ಲಿ ಕಂಡೆವು. ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿಗೆ ಸಂಬಂಧವೇ ಇಲ್ಲದವರು ಎನ್‌ಸಿಸಿ ಶಿಬಿರವೆಂದು ಹೇಳಿ ಮಕ್ಕಳನ್ನು ರಾತ್ರಿ ತಂಗಿಸಿದ್ದರು. ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಸಮವಸ್ತ್ರ ಕಂಡೊಡನೆ ಯಾರೂ ಪತ್ರ ಕೇಳಲಿಲ್ಲ. ಅದು ಹಿರಿಯ ವಿದ್ಯಾರ್ಥಿಗಳ ಕೃತ್ಯವಲ್ಲ, ನಾನಿಲ್ಲಿ ಹೇಳುತ್ತಿರುವ ವಿಷಯಕ್ಕಿಂತ ಬೇರೆಯೇ ಅಪರಾಧ. ಆದರೆ ಸಮವಸ್ತ್ರದ ಮೇಲಿನ ಗೌರವವು ಪ್ರಶ್ನೆ ಕೇಳುವ ಬಾಯಿಯನ್ನು ಹೇಗೆ ಮುಚ್ಚಿಸುತ್ತದೆಂಬುದಕ್ಕೆ ಅದಕ್ಕಿಂತ ನೋವಿನ ಉದಾಹರಣೆ ಬೇಕಾಗಿಲ್ಲ.

ದೂರು ಹೇಳುವ ದಾರಿಯೇ ಅಡ್ಡಿಯಾಗಿರುವುದು ಕೆಡೆಟ್ ವ್ಯವಸ್ಥೆಯ ವಿಶೇಷ ತೊಡಕು. ಏನಿದ್ದರೂ ನಿನ್ನ ಮೇಲಿನವರಿಗೆ ರಿಪೋರ್ಟ್ ಮಾಡು ಎಂಬುದು ಮೊದಲ ದಿನದ ಪಾಠ. ಮೇಲಿನವನೇ ಹೊಡೆದರೆ? ಶಾಲೆಯ ಬಸ್ಸಿನಲ್ಲಿ ಅಣ್ಣನೋ ಚೇಟ್ಟನೋ ಆಗಿದ್ದವನು ಶಿಬಿರದ ಗೇಟು ದಾಟಿದೊಡನೆ ‘ಸರ್’ ಆಗುತ್ತಾನೆ, ಆ ‘ಸರ್’ ಅನ್ನು ದಾಟಿ ನಿಜವಾದ ಸರ್ ಬಳಿಗೆ ಹೋಗುವುದೇ ಶಿಸ್ತಿನ ಉಲ್ಲಂಘನೆಯೆಂದು ಮಗು ತಿಳಿದಿರುತ್ತದೆ. ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಳಿಯ ಲೀವಿನ್ ನೌಕಾ ತರಬೇತಿ ನೆಲೆಯಲ್ಲಿ ಹದಿನೈದು ಹದಿನಾರು ವರ್ಷದ ಹುಡುಗರ ಮೇಲೆ ನಡೆದ ದೌರ್ಜನ್ಯದ ಬಗ್ಗೆ 1971ರಲ್ಲೇ ನ್ಯಾಯಾಧೀಶರೊಬ್ಬರ ವಿಚಾರಣೆ ನಡೆದಿತ್ತು. ಆದರೂ ಅಂದಿನ ಹುಡುಗರಲ್ಲಿ ಹಲವರು ತಮಗಾದದ್ದನ್ನು ಬಹಿರಂಗವಾಗಿ ಹೇಳಲು ಸಾಧ್ಯವಾದದ್ದು 2016ರಲ್ಲಿ ಅಲ್ಲಿನ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗದ ಎದುರು, ನೌಕಾಪಡೆಯ ಶ್ರೇಣಿಯಿಂದ ಪೂರ್ತಿ ಹೊರಗಿನವರು ಕೇಳಿದಾಗ, ಅವರಿಗೆಲ್ಲ ವಯಸ್ಸಾದ ಮೇಲೆ.

ಕಾಸರಗೋಡಿನ ಕನ್ನಡದ ಮಗುವಿಗೆ ಇದರ ಮೇಲೆ ಇನ್ನೊಂದು ಗೋಡೆಯಿದೆ. ಮನೆಯಲ್ಲಿ ಅದು ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡುತ್ತದೆ, ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುತ್ತದೆ, ಶಿಬಿರದಲ್ಲಿ ಆಜ್ಞೆ ಹಿಂದಿಯಲ್ಲಿ ಬರುತ್ತದೆ, ಉಳಿದ ಮಾತೆಲ್ಲ ಮಲಯಾಳದಲ್ಲಿ. ಎಡ ಬಲ ತಿರುಗುವಷ್ಟು ಹಿಂದಿ, ಅನ್ನ ಸಾಂಬಾರು ಕೇಳುವಷ್ಟು ಮಲಯಾಳ ಎಂಟು ದಿನಗಳಲ್ಲಿ ಬಂದುಬಿಡುತ್ತದೆ. ಆದರೆ ತನಗಾದ ಅವಮಾನವನ್ನು ಅಪರಿಚಿತ ಅಧಿಕಾರಿಯ ಎದುರು, ಆಗಷ್ಟೇ ಕಲಿತ ಭಾಷೆಯಲ್ಲಿ, ನಗೆಪಾಟಲಾಗದಂತೆ ಹೇಳುವುದು ಬೇರೆಯೇ ಕೆಲಸ. ಹೇಳಹೊರಟು ಪದ ಸಿಗದೆ ತಡವರಿಸಿದ್ದನ್ನು ಸುಳ್ಳು ಹೇಳುತ್ತಿರುವ ಲಕ್ಷಣವೆಂದು ತಿಳಿದ ಸಂದರ್ಭವೊಂದನ್ನು ನಾನೇ ಕಂಡಿದ್ದೇನೆ. ಮಲಯಾಳ ಚೆನ್ನಾಗಿ ಬರುವ ಆರೋಪಿಯ ವಿವರಣೆ ಅಚ್ಚುಕಟ್ಟಾಗಿತ್ತು. ಮಲಯಾಳಿ ಮಕ್ಕಳು ಕೆಟ್ಟವರೆಂದಾಗಲಿ ಕನ್ನಡದ ಹಿರಿಯರು ಹೊಡೆಯುವುದಿಲ್ಲವೆಂದಾಗಲಿ ಇದರ ಅರ್ಥವಲ್ಲ. ನೆರೆಯ ಹುಡುಗನನ್ನು ಹೊರಗೆಳೆದ ಇಬ್ಬರಲ್ಲಿ ಒಬ್ಬ ಅವನದೇ ಊರಿನವನು, ಕನ್ನಡದವನು.

ಇಲ್ಲಿ ನಮ್ಮ ಕೈಯಲ್ಲಿರುವ, ಆದರೆ ನಾವು ಬಳಸದ ಒಂದು ಹಕ್ಕಿನ ಬಗ್ಗೆ ಹೇಳಬೇಕು. ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಂದಿಗೆ, ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಎನ್‌ಸಿಸಿ ರಕ್ಷಣಾ ಸಚಿವಾಲಯದ ಅಡಿಯಲ್ಲಿದ್ದರೂ ರಾಜ್ಯದ ಪಾಲು ಅದರಲ್ಲಿದ್ದರೂ, ಎರಡೂ ದಿಕ್ಕಿನಲ್ಲಿ ಕನ್ನಡದ ಅರ್ಜಿಗೆ ಬಾಗಿಲಿದೆ. ಮಂಜೇಶ್ವರದ ತಾಯಿಯೊಬ್ಬರು ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರಿಗೆ ಕನ್ನಡದಲ್ಲಿ ಬರೆದ ಪತ್ರವನ್ನು ‘ಭಾಷೆ ತಿಳಿಯದು’ ಎಂದು ಬದಿಗಿಡುವಂತಿಲ್ಲ. ರೇಷನ್ ಕಾರ್ಡಿನ ವಿಷಯದಲ್ಲಿ, ಪಿಎಸ್‌ಸಿ ಪ್ರಶ್ನೆಪತ್ರಿಕೆಯ ವಿಷಯದಲ್ಲಿ ನಾವು ಈ ಹಕ್ಕಿಗಾಗಿ ಬೀದಿಗಿಳಿದಿದ್ದೇವೆ. ಮಕ್ಕಳ ಮೈಮೇಲಿನ ಗಾಯದ ವಿಷಯದಲ್ಲಿ ಅದರ ನೆನಪು ನಮಗೆ ಇನ್ನೂ ಬಂದಿಲ್ಲ.

ಮಾಡಬೇಕಾದದ್ದು ಬಹಳ ಖರ್ಚಿನದ್ದಲ್ಲ. ಮೊದಲನೆಯದು, ಯಾವ ಕೆಡೆಟ್‌ಗೂ, ಅವನ ತೋಳಿನಲ್ಲಿ ಎಷ್ಟು ಪಟ್ಟಿಯಿದ್ದರೂ, ಇನ್ನೊಬ್ಬ ಕೆಡೆಟ್‌ಗೆ ದೈಹಿಕ ಶಿಕ್ಷೆ ಕೊಡುವ ಅಧಿಕಾರವಿಲ್ಲ ಎಂಬುದನ್ನು ಶಿಬಿರದ ಮೊದಲ ಫಾಲ್ ಇನ್‌ನಲ್ಲೇ ಕಮಾಂಡಿಂಗ್ ಆಫೀಸರ್ ಎಲ್ಲರೆದುರು ಹೇಳಬೇಕು. ಹಿರಿಯರಿಗೂ ಕಿರಿಯರಿಗೂ ಅದು ಒಂದೇ ಹೊತ್ತಿಗೆ ಕೇಳಿಸಬೇಕು. ಹಿರಿಯ ಕೆಡೆಟ್ ಸಾಲು ನಿಲ್ಲಿಸಲಿ, ಹಾಜರಿ ಕರೆಯಲಿ, ಕಲಿಸಲಿ. ತಪ್ಪು ಕಂಡರೆ ಬರೆದಿಟ್ಟು ಅಧ್ಯಾಪಕರಿಗೆ ಕೊಡಲಿ. ಶಿಕ್ಷೆಯಾಗಿ ಓಡಿಸುವುದು ಅನಿವಾರ್ಯವೆಂದಾದರೆ ಅದು ವಯಸ್ಕರ ಕೈಯಲ್ಲಿ, ಬೆಳಕಿನಲ್ಲಿ, ಎಣಿಕೆಯೊಂದಿಗೆ ನಡೆಯಬೇಕು, ಅದರ ದಾಖಲೆ ಇರಬೇಕು. ಪುಸ್ತಕದಲ್ಲಿ ಬರೆಯಬೇಕಾಗಿ ಬಂದಾಗ ಕೊಡುವ ಶಿಕ್ಷೆ ತಾನಾಗಿಯೇ ಕಡಿಮೆಯಾಗುತ್ತದೆಂಬುದು ಬೆತ್ತದ ಕಾಲವನ್ನು ಕಂಡ ಅಧ್ಯಾಪಕರಿಗೆಲ್ಲ ಗೊತ್ತಿರುವ ಸಂಗತಿ.

ಎರಡನೆಯದು ರಾತ್ರಿ. ಮಕ್ಕಳು ಮಲಗುವ ಪ್ರತಿ ಹಾಲಿನ ಬಳಿ ಹೆಸರು ಗೊತ್ತಿರುವ ಒಬ್ಬ ವಯಸ್ಕರಿರಬೇಕು, ಬಾಲಕಿಯರ ಹಾಲಿನಲ್ಲಿ ಮಹಿಳೆಯರೇ ಇರಬೇಕು. ಶೌಚಾಲಯದ ದಾರಿಯ ದೀಪ ಆರಬಾರದು. ಸಾಧ್ಯವಾದಲ್ಲಿ ಶಾಲೆಯ ಮಕ್ಕಳನ್ನೂ ಕಾಲೇಜಿನವರನ್ನೂ ಬೇರೆ ಬೇರೆ ಕಟ್ಟಡಗಳಲ್ಲಿ ಮಲಗಿಸಬೇಕು. ಈ ವಿಷಯದಲ್ಲಿ ಕೇರಳ 2010ರ ಆಗಸ್ಟ್ 2ರಂದು 127 ಶಾಲೆಗಳಲ್ಲಿ ಆರಂಭಿಸಿದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಸ್ವಲ್ಪ ಸುರಕ್ಷಿತವಾಗಿ ಕಾಣುತ್ತದೆ. ಒಂದು ಶಾಲೆಯ ಒಂದು ತಂಡದಲ್ಲಿ 44 ಮಕ್ಕಳು, ಅವರಲ್ಲಿ ಅರ್ಧ ಬಾಲಕಿಯರು. ಅದೇ ಶಾಲೆಯ ಅಧ್ಯಾಪಕರು ಹೊಣೆಗಾರರು. ತರಬೇತಿಯ ಹೆಚ್ಚಿನ ಭಾಗ ಹಗಲಿನಲ್ಲಿ, ಪರಿಚಿತ ಅಂಗಳದಲ್ಲಿ. ಎಂಟು ಮತ್ತು ಒಂಬತ್ತನೆಯ ತರಗತಿಯವರಷ್ಟೇ ಇರುವುದರಿಂದ ವಯಸ್ಸಿನ ಅಂತರವೂ ಕಡಿಮೆ. ಮಕ್ಕಳ ಗುಣ ಅಲ್ಲೂ ಇಲ್ಲೂ ಒಂದೇ, ಹೆಚ್ಚಿನವರು ಒಂದೇ ಬೆಂಚಿನವರು; ಬೇರೆಯಾದದ್ದು ಏರ್ಪಾಡು ಮಾತ್ರ.

ದೂರಿನ ಬಾಗಿಲು ಶಿಬಿರದ ಹೊರಗೆ ತೆರೆಯಬೇಕು. ಮಕ್ಕಳ ಸಹಾಯವಾಣಿ 1098, ಕಾಲೇಜಿನವರಿಗೆ ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಇವೆ. ಅವನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಅಧಿಕಾರಿಯ ಕೋಣೆಯ ಹೊರಗಲ್ಲ, ಸ್ನಾನದ ಕೋಣೆಯ ಒಳಗೆ, ಮಗು ಒಂಟಿಯಾಗಿ ಓದಬಲ್ಲ ಕಡೆ ಅಂಟಿಸಬೇಕು. ಫೋನನ್ನು ತೆಗೆದಿಟ್ಟರೂ ಎರಡು ದಿನಕ್ಕೊಮ್ಮೆ ಮನೆಗೆ ಮಾತಾಡಲು ಬಿಡಬೇಕು, ಆಗ ಹಿರಿಯ ಕೆಡೆಟ್ ಪಕ್ಕದಲ್ಲಿ ನಿಂತಿರಬಾರದು. ಶಿಬಿರ ಮುಗಿದ ವಾರ, ಶಿಬಿರಕ್ಕೆ ಹೋಗದ ಒಬ್ಬ ಅಧ್ಯಾಪಕರು ಪ್ರತಿ ಮಗುವನ್ನೂ ಬೇರೆಬೇರೆಯಾಗಿ ಕರೆದು ಅದರ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿಸಬೇಕು. ‘ರಗಡಾ ಇತ್ತಾ?’ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಯಾರು, ಎಷ್ಟು ಹೊತ್ತಿಗೆ, ಎಲ್ಲಿ, ಆಗ ದೊಡ್ಡವರು ಯಾರಿದ್ದರು ಎಂದು ಕೇಳಬೇಕು. ಹಿರಿಯ ಕೆಡೆಟ್‌ಗೆ ಮುಂದಿನ ಪಟ್ಟಿ ಕೊಡುವ ಮೊದಲು ಅವನ ಕೈಕೆಳಗಿದ್ದ ಮಕ್ಕಳ ಮಾತನ್ನೂ ಹೆಸರಿಲ್ಲದ ಚೀಟಿಯಲ್ಲಿ ಪಡೆದರೆ, ಒಳ್ಳೆಯ ಹಿರಿಯರಿಗೆ (ಅಂಥವರೇ ಹೆಚ್ಚು) ಅದು ಗೌರವವೂ ಆಗುತ್ತದೆ.

ನೆರೆಯ ಮನೆಯ ಹುಡುಗ ಮತ್ತೆ ಎನ್‌ಸಿಸಿಗೆ ಹೋಗಲಿಲ್ಲ. ಎರಡು ವರ್ಷಗಳ ಬಳಿಕ ಅವನ ತಂಗಿ ಸೇರಿದಳು, ಶಿಬಿರದ ಒಪ್ಪಿಗೆ ಪತ್ರ ಮನೆಗೆ ಬಂತು. ತಂದೆ ಸಹಿ ಹಾಕಲು ಹೊರಟಾಗ ತಾಯಿ ಅದನ್ನು ತೆಗೆದುಕೊಂಡು ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದರು: ರಾತ್ರಿ ಮಕ್ಕಳ ಜೊತೆ ಮಲಗುವ ಟೀಚರ್ ಯಾರು, ಅವರ ನಂಬರ್ ಏನು, ತಪ್ಪು ಮಾಡಿದರೆ ಶಿಕ್ಷೆ ಕೊಡುವವರು ಯಾರು. ಮೂರನೆಯ ದಿನ ಪತ್ರ ಹಿಂದಿರುಗಿತು. ಅಧ್ಯಾಪಿಕೆ ಅದೇ ಬರಹದ ಕೆಳಗೆ ಕನ್ನಡದಲ್ಲಿ ತಮ್ಮ ಹೆಸರನ್ನೂ ನಂಬರನ್ನೂ ಬರೆದು, ಮೂರನೆಯ ಪ್ರಶ್ನೆಯ ಎದುರು “ನಾನು ಮಾತ್ರ” ಎಂದು ಬರೆದಿದ್ದರು. ತಾಯಿ ಅದರ ಜೆರಾಕ್ಸ್ ತೆಗೆಸಿ, ಮಗಳ ಟ್ರಂಕಿನ ಮುಚ್ಚಳದ ಒಳಬದಿಗೆ, ತೆರೆದೊಡನೆ ಕಾಣುವಂತೆ ಅಂಟಿಸಿದರು.